ಹಳೆ ಕಂಪ್ಯೂಟರಿಗೆ ವಿಂಡೋಸ್ 11 ಆಗುತ್ತದಾ? ಅಂಗಡಿಗೆ ಹೊರಡುವ ಮೊದಲು ಮನೆಯಲ್ಲೇ ನೋಡಿ

ಈ ಕಂಪ್ಯೂಟರಿಗೆ ವಿಂಡೋಸ್ 11 ಆಗುವುದಿಲ್ಲ ಅಂತ ಪರದೆಯಲ್ಲಿ ಬಂದ ಕೂಡಲೇ ಅದನ್ನು ಚೀಲಕ್ಕೆ ತುಂಬಿಸಿ ಮಂಗಳೂರಿನ ಬಸ್ಸು ಹತ್ತಬೇಡಿ. ಒಂದು ಕಾಗದ, ಒಂದು ಪೆನ್ನು ಹಿಡಿದು ಅದರ ಎದುರು ಕೂತುಕೊಳ್ಳಿ. ಅರ್ಧ ಗಂಟೆಯ ಕೆಲಸ ಉಂಟು.

ಬದಿಯಡ್ಕದ ಹತ್ತಿರ ನಮ್ಮ ನೆಂಟರೊಬ್ಬರು ಇದ್ದಾರೆ. ಅಡಿಕೆ ಲೆಕ್ಕ, ಸೊಸೈಟಿಯ ಪತ್ರ, ಮಗಳ ಪಾಠ, ಎಲ್ಲವೂ ಒಂದೇ ಡೆಸ್ಕ್‌ಟಾಪಿನಲ್ಲಿ. ಅದಕ್ಕೂ ಇದೇ ಮಾತು ಬಂತು. ಅಂಗಡಿಯವರಿಗೆ ತೋರಿಸಿದರೆ ಮದರ್‌ಬೋರ್ಡ್ ಬದಲಿಸಬೇಕು, ಅದರ ಜೊತೆ ಪ್ರೊಸೆಸರ್, ರ‍್ಯಾಮ್ ಕೂಡ ಅಂದರಂತೆ. ಅಲ್ಲಿಗೆ ಹೊಸ ಕಂಪ್ಯೂಟರೇ ಆಯ್ತಲ್ಲ! ನಾನು ಹೋಗಿ ನೋಡಿದೆ. ಅದರೊಳಗೆ ಎಂಟನೇ ತಲೆಮಾರಿನ ಪ್ರೊಸೆಸರ್ ಇತ್ತು, ಬೇಕಾದ್ದೆಲ್ಲ ಇತ್ತು. ಬಯೋಸಿನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಒಂದು ಸ್ವಿಚ್ಚು ಆಫ್ ಆಗಿತ್ತು, ಅಷ್ಟೇ. ಆನ್ ಮಾಡಿದ್ದಕ್ಕೆ ಖರ್ಚಾದದ್ದು ಒಂದು ಲೋಟ ಚಹಾ, ಅದೂ ಅವರದ್ದೇ.

ಎಲ್ಲರ ಕಂಪ್ಯೂಟರೂ ಹೀಗೆ ಪುಕ್ಕಟೆ ಸರಿಯಾಗುತ್ತದೆ ಅಂತಲ್ಲ. ಆದರೆ "ಆಗುವುದಿಲ್ಲ" ಅನ್ನುವ ಒಂದೇ ಮಾತಿನ ಹಿಂದೆ ಐದಾರು ಬೇರೆ ಬೇರೆ ಕಾರಣ ಇರಬಹುದು. ಕೆಲವಕ್ಕೆ ಸೆಟ್ಟಿಂಗ್ ಬದಲಿಸಿದರೆ ಸಾಕು. ಕೆಲವಕ್ಕೆ ಒಂದು ಬಿಡಿಭಾಗ ಬೇಕು. ಮದ್ದಿಲ್ಲದ್ದು ಹೆಚ್ಚಾಗಿ ಒಂದೇ, ಪ್ರೊಸೆಸರ್. ನಿಮ್ಮದು ಯಾವುದು ಅಂತ ನಿಮಗೇ ಗೊತ್ತಿರಲಿ.

ಮೊದಲು, ಅವಸರ ಎಷ್ಟು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಕಂಪ್ಯೂಟರ್ ನಿಂತುಹೋಗುತ್ತದೆ ಅಂತ ಅಲ್ಲ. ನಿನ್ನೆಯ ಹಾಗೆಯೇ ಓಡುತ್ತದೆ. ಹೊಸದಾಗಿ ಸಿಕ್ಕಿದ ಭದ್ರತೆಯ ತೂತುಗಳಿಗೆ ತೇಪೆ ಬರುವುದಿಲ್ಲ, ಅದೇ ತೊಂದರೆ. ಬ್ಯಾಂಕ್ ಕೆಲಸ, ಆಧಾರ್, ಪಹಣಿ ಅಂತ ಎಲ್ಲವನ್ನೂ ಅದರಲ್ಲೇ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ಭದ್ರತಾ ಅಪ್ಡೇಟ್ ಕೊಡುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಮಾಡಿತು. ಅದಕ್ಕೆ ನಿಮ್ಮ ವಿಂಡೋಸ್ 10 ಕೊನೆಯ ಆವೃತ್ತಿ 22ಎಚ್2 ಆಗಿರಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಅದರ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನಲ್ಲಿರುವ ಅವರ ಸರ್ವರಿಗೆ, ಸಿಂಕ್ ಮಾಡಿದರೆ ದುಡ್ಡಿಲ್ಲ. ಅದು ಬೇಡ ಅಂದರೆ ಅವರ 1000 ರಿವಾರ್ಡ್ಸ್ ಪಾಯಿಂಟ್, ಅಥವಾ 30 ಡಾಲರ್. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್ಡೇಟ್ ಪುಟದಲ್ಲೇ ಸೇರುವ ಕೊಂಡಿ ಕಾಣುತ್ತದೆ. ಹೊಸ ಕಂಪ್ಯೂಟರಿಗೆ ದುಡ್ಡು ಒಟ್ಟು ಮಾಡುತ್ತಿರುವವರಿಗೆ ಉಸಿರಾಡಲು ಸ್ವಲ್ಪ ಸಮಯ ಸಿಕ್ಕಿದ ಹಾಗೆ, ಅಷ್ಟೇ.

ಏನೆಲ್ಲ ಕೇಳುತ್ತದೆ

ವಿಂಡೋಸ್ 11 ಕೇಳುವುದು ಇಷ್ಟು: 64 ಬಿಟ್‌ನ ಪ್ರೊಸೆಸರ್, ಕನಿಷ್ಠ ಎರಡು ಕೋರ್, 1 ಗಿಗಾಹರ್ಟ್ಸ್ ವೇಗ, ಅದೂ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿ ಇರಬೇಕು. 4 ಜಿಬಿ ರ‍್ಯಾಮ್. 64 ಜಿಬಿ ಡಿಸ್ಕ್. ಯುಇಎಫ್‌ಐ (ಹೊಸ ಬಗೆಯ ಬಯೋಸ್) ಮತ್ತು ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಗಸ್ತ ಸಾಫ್ಟ್‌ವೇರನ್ನು ಮಾತ್ರ ಓಡಲು ಬಿಡುವ) ಸೌಲಭ್ಯ. ಟಿಪಿಎಂ 2.0, ಅದೇನು ಅನ್ನುವ ಮಾತು ಮುಂದೆ ಉಂಟು. ಡೈರೆಕ್ಟ್‌ಎಕ್ಸ್ 12 ಗೊತ್ತಿರುವ ಗ್ರಾಫಿಕ್ಸ್. ಪರದೆ 9 ಇಂಚಿಗಿಂತ ದೊಡ್ಡದು, 720ಪಿ. ಕೊನೆಯ ಎರಡರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಉಳಿದದ್ದು ಪಾಸಾದ ಕಂಪ್ಯೂಟರ್ ಅದರಲ್ಲಿ ಫೇಲಾಗುವುದನ್ನು ನಾನು ಕಂಡದ್ದಿಲ್ಲ.

ಈಗ ಕೀಬೋರ್ಡಿನಲ್ಲಿ ವಿಂಡೋಸ್ ಚಿಹ್ನೆಯ ಕೀ ಮತ್ತು ಆರ್ ಅಕ್ಷರವನ್ನು ಒಟ್ಟಿಗೆ ಒತ್ತಿ. ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಎಂ-ಎಸ್-ಐ-ಎನ್-ಎಫ್-ಓ ಅಂತ ಜಾಗ ಬಿಡದೆ ಹೊಡೆದು, ಅದಕ್ಕೆ ತಾಗಿಸಿ 32 ಬರೆದು ಎಂಟರ್ ಒತ್ತಿ. ನಿಮ್ಮ ಯಂತ್ರದ ಜಾತಕ ಬಂತು. ಅದರಿಂದ ಐದು ಸಾಲು ಕಾಗದದಲ್ಲಿ ಬರೆದುಕೊಳ್ಳಿ: ಸಿಸ್ಟಮ್ ಟೈಪ್, ಪ್ರೊಸೆಸರ್, ಬಯೋಸ್ ಮೋಡ್, ಸೆಕ್ಯೂರ್ ಬೂಟ್ ಸ್ಟೇಟ್, ಇನ್‌ಸ್ಟಾಲ್ಡ್ ರ‍್ಯಾಮ್. ಮುಂದೆ ಎಲ್ಲಿಗೆ ಹೋದರೂ ಈ ಕಾಗದ ಕೈಯಲ್ಲಿರಲಿ. ಮೈಕ್ರೋಸಾಫ್ಟಿನದ್ದೇ ಪಿಸಿ ಹೆಲ್ತ್ ಚೆಕ್ ಅನ್ನುವ ಪುಕ್ಕಟೆ ಆ್ಯಪ್ ಕೂಡ ಉಂಟು. ಯಾವುದು ಪಾಸು, ಯಾವುದು ಫೇಲು ಅಂತ ಅದು ಒಂದೊಂದಾಗಿ ಹೇಳುತ್ತದೆ. ಆದರೆ ಫೇಲಾದದ್ದಕ್ಕೆ ನಿಜವಾಗಿ ವಸ್ತುವೇ ಇಲ್ಲವೋ, ಅಥವಾ ಇದ್ದೂ ಆಫ್ ಆಗಿದೆಯೋ ಅಂತ ಹೇಳುವಷ್ಟು ಬುದ್ಧಿ ಅದಕ್ಕಿಲ್ಲ. ಅದನ್ನು ನಾವೇ ನೋಡಬೇಕು.

ಸಿಸ್ಟಮ್ ಟೈಪ್ ಸಾಲಿನಲ್ಲಿ 64 ಅಂತ ಇದ್ದರೆ ಆಯ್ತು. 86 ಅಂತ ಇದ್ದರೆ ಈಗ ಇರುವುದು 32 ಬಿಟ್‌ನ ವಿಂಡೋಸ್. ಪ್ರೊಸೆಸರ್ 64 ಬಿಟ್‌ನದ್ದೇ ಇರಬಹುದು, ಆದರೆ ನೇರ ಅಪ್‌ಗ್ರೇಡ್ ಆಗುವುದಿಲ್ಲ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ.

ಪ್ರೊಸೆಸರ್: ಇಲ್ಲಿ ಸ್ವಲ್ಪ ನಿಧಾನ ಮಾಡಿ

ಇಂಟೆಲ್ ಆದರೆ ಐ3, ಐ5, ಐ7 ಅನ್ನುವುದನ್ನು ನೋಡಿ ಖುಷಿಪಡಬೇಡಿ. ಅದರ ನಂತರದ ಅಡ್ಡಗೆರೆ ಆದ ಮೇಲೆ ಬರುವ ಸಂಖ್ಯೆ ಮುಖ್ಯ. ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ ತಲೆಮಾರು, ಆದರೆ ಅದು 1 ಆಗಿದ್ದರೆ ಮೊದಲ ಎರಡು ಅಂಕಿ ಸೇರಿ ತಲೆಮಾರು. ಐ5-8250ಯು ಅಂದರೆ ಎಂಟನೆಯದು, ಆಗುತ್ತದೆ. ಐ7-6500ಯು ಅಂದರೆ ಆರನೆಯದು, ಐ7 ಆದರೂ ಆಗುವುದಿಲ್ಲ. ಐ5-10210ಯು ಥರ ಐದು ಅಂಕಿ ಇದ್ದರೆ ಮೊದಲ ಎರಡನ್ನು ಓದಿ, ಹತ್ತನೆಯದು. ಎಂಟು ಮತ್ತು ಅದರ ಮೇಲಿನದ್ದೆಲ್ಲ ಸಾಮಾನ್ಯವಾಗಿ ಪಟ್ಟಿಯಲ್ಲಿವೆ. ಏಳನೆಯದರಲ್ಲಿ ಬೆರಳೆಣಿಕೆಯಷ್ಟು ಮಾತ್ರ, ಅವು ನಮ್ಮ ನಿಮ್ಮ ಮನೆಯಲ್ಲಿ ಇರುವ ಜಾತಿಯವಲ್ಲ.

ಖರೀದಿ ಮಾಡಿದ ವರ್ಷ ನೋಡಿ ಲೆಕ್ಕ ಹಾಕುವವರು ಜಾಸ್ತಿ. ಅದು ಮೋಸ ಮಾಡುತ್ತದೆ. ನನ್ನದೇ ಲ್ಯಾಪ್‌ಟಾಪ್ 2019ರಲ್ಲಿ ತೆಗೆದದ್ದು. ಎಂಟನೇ ತಲೆಮಾರು ಬಂದು ಎರಡು ವರ್ಷ ಆಗಿತ್ತು, ಹಾಗಾಗಿ ಇದೂ ಅದೇ ಇರಬೇಕು ಅಂದುಕೊಂಡಿದ್ದೆ. ಒಳಗಿದ್ದದ್ದು ಐ3-7020ಯು. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಿಗೆ ಅಂತ 2018ರಲ್ಲಿ ಬಂದ, ಆದರೆ ಏಳನೇ ತಲೆಮಾರಿನ ಪ್ರೊಸೆಸರ್ ಅದು. ಬಿಲ್ಲಿನ ಮೇಲೆ ತಾರೀಕು ಹೊಸದು, ಒಳಗಿನ ಸರಕು ಹಳೆಯದು. ಐ3-6006ಯು ಇರುವ ಲ್ಯಾಪ್‌ಟಾಪುಗಳ ಕತೆಯೂ ಇದೇ.

ಎಎಂಡಿಯವರಿಗೆ ಲೆಕ್ಕ ಇನ್ನೂ ಸ್ವಲ್ಪ ಗೋಜಲು. ರೈಜನ್ 3000, 4000, 5000 ಅಂತ ಶುರುವಾಗುವವು ನಿಶ್ಚಿಂತೆ. 1000ದ ಸಾಲಿನವು ಆಗುವುದಿಲ್ಲ. ನಡುವಿನ 2000 ಇದೆಯಲ್ಲ, ಅದರಲ್ಲಿ ಕೆಲವು ಆಗುತ್ತವೆ, ಕೆಲವು ಆಗುವುದಿಲ್ಲ. ರೈಜನ್ 5 2600 ಆಗುತ್ತದೆ, ಲ್ಯಾಪ್‌ಟಾಪಿನ ರೈಜನ್ 5 2500ಯು ಆಗುವುದಿಲ್ಲ. ಹೆಸರು ಒಂದೇ ಸಾಲಿನದ್ದಾದರೂ ಒಳಗಿನ ವಿನ್ಯಾಸ ಒಂದು ಮೆಟ್ಟಿಲು ಹಿಂದಿನದ್ದು. ಹಾಗಾಗಿ 2000ದವರು ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ತಮ್ಮ ಪೂರ್ತಿ ಸಂಖ್ಯೆ ಹುಡುಕಿ ನೋಡುವುದೇ ಒಳ್ಳೆಯದು. ಎ6, ಎ9, ಇ2 ಅಂತ ಹೆಸರಿರುವ ಹಳೆ ಎಎಂಡಿ ಲ್ಯಾಪ್‌ಟಾಪುಗಳಿಗೆ ಆಸೆ ಬೇಡ.

ಸೆಲೆರಾನ್‌ನಲ್ಲಿ ಎನ್4000, ಎನ್4020 ಪಟ್ಟಿಯಲ್ಲಿವೆ. ಆಗುತ್ತದೆ ಅಂದರೆ ಆಗುತ್ತದೆ, ಆದರೆ ಘಾಟಿಯಲ್ಲಿ ಓವರ್‌ಲೋಡ್ ಜೀಪು ಹತ್ತಿದ ಹಾಗೆ.

ಪ್ರೊಸೆಸರ್ ಮಾತ್ರ ಬದಲಿಸಬಹುದಾ? ಲ್ಯಾಪ್‌ಟಾಪಿನಲ್ಲಿ ಇಲ್ಲ, ಅದನ್ನು ಬೋರ್ಡಿಗೆ ಬೆಸೆದಿರುತ್ತಾರೆ. ಇಂಟೆಲ್ ಡೆಸ್ಕ್‌ಟಾಪಿನಲ್ಲಿ ಆರು, ಏಳನೇ ತಲೆಮಾರಿನ ಸಾಕೆಟಿನ ಹೆಸರೂ 1151, ಎಂಟನೆಯದರ ಹೆಸರೂ 1151. ಆದರೂ ಹಳೆ ಬೋರ್ಡಿನಲ್ಲಿ ಹೊಸದು ಕೆಲಸ ಮಾಡುವುದಿಲ್ಲ. ಯಾರಾದರೂ "ಸಾಕೆಟ್ ಒಂದೇ, ಹಾಕಿ ಕೊಡ್ತೇನೆ" ಅಂದರೆ ಒಪ್ಪಬೇಡಿ. ಒಂದು ಬಾಗಿಲು ತೆರೆದಿರುವುದು ರೈಜನ್ 1000ದ ಡೆಸ್ಕ್‌ಟಾಪ್ ಇರುವವರಿಗೆ. ಅವರ ಎಎಂ4 ಬೋರ್ಡುಗಳಲ್ಲಿ ಎಷ್ಟೋ ಬೋರ್ಡುಗಳು ಬಯೋಸ್ ಅಪ್ಡೇಟ್ ಮಾಡಿದರೆ 3000ದ ಪ್ರೊಸೆಸರನ್ನು, ಕೆಲವೊಮ್ಮೆ 5000ದ್ದನ್ನೂ ತೆಗೆದುಕೊಳ್ಳುತ್ತವೆ. ಬೋರ್ಡಿನ ಮಾಡೆಲ್ ನೋಡಿ, ತಯಾರಕರ ಜಾಲತಾಣದಲ್ಲಿ ಯಾವ ಪ್ರೊಸೆಸರ್ ಆಗುತ್ತದೆ ಅನ್ನುವ ಪಟ್ಟಿ ನೋಡಿ, ಆಮೇಲೆ ದುಡ್ಡು ತೆಗೆಯಿರಿ.

ಪ್ರೊಸೆಸರ್ ಇಲ್ಲಿ ಫೇಲಾಯಿತು ಅಂತಾದರೆ ಮುಂದಿನ ಎರಡು ಭಾಗ ಬಿಟ್ಟು ರ‍್ಯಾಮಿನ ಮಾತಿಗೆ ಬನ್ನಿ.

ಟಿಪಿಎಂ: ನೂರಕ್ಕೆ ನೂರು ಹೆದರಿಸುವ ಹೆಸರು, ಕೆಲಸ ಸಣ್ಣದು

ಟಿಪಿಎಂ ಅಂದರೆ ಬೀಗದ ಕೈಗಳನ್ನು ಇಡುವ ಪುಟ್ಟ ತಿಜೋರಿ ಅಂದುಕೊಳ್ಳಿ. ಡಿಸ್ಕನ್ನು ಗೂಢಲಿಪಿಯಲ್ಲಿ ಮುಚ್ಚಿದಾಗ ಅದರ ಕೀಯನ್ನು ಇಲ್ಲಿ ಇಡುತ್ತದೆ. ಕೆಲವು ಬೋರ್ಡುಗಳಲ್ಲಿ ಇದು ಬೇರೆ ಚಿಪ್ಪು. ಹೆಚ್ಚಿನ ಮನೆ ಕಂಪ್ಯೂಟರುಗಳಲ್ಲಿ ಪ್ರೊಸೆಸರ್ ಮತ್ತು ಅದರ ಜೊತೆಗಿನ ಚಿಪ್ಪಿನೊಳಗೇ ಇರುತ್ತದೆ, ಇಂಟೆಲ್‌ನಲ್ಲಿ ಪಿಟಿಟಿ ಅನ್ನುವ ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ.

ಮತ್ತೆ ವಿಂಡೋಸ್ ಕೀ ಮತ್ತು ಆರ್. ಈ ಸಲ ಟಿ-ಪಿ-ಎಂ, ಒಂದು ಚುಕ್ಕೆ, ಎಂ-ಎಸ್-ಸಿ. ಎಂಟರ್. ಬಳಕೆಗೆ ತಯಾರಿದೆ ಅಂತ ಬಂದು ಕೆಳಗೆ ಆವೃತ್ತಿ 2.0 ಅಂತ ಇದ್ದರೆ ನಿಮ್ಮ ಕೆಲಸ ಮುಗಿಯಿತು. ಟಿಪಿಎಂ ಸಿಗಲಿಲ್ಲ ಅಂತ ಬಂದು, ಪ್ರೊಸೆಸರ್ ಮಾತ್ರ ಎಂಟನೇ ತಲೆಮಾರಿನದ್ದಾದರೆ, ಅದು ಇಲ್ಲದೆ ಇರುವ ಸಾಧ್ಯತೆ ತೀರಾ ಕಡಿಮೆ. ಬಯೋಸಿನಲ್ಲಿ ಆಫ್ ಇದೆ. ನಮ್ಮ ನೆಂಟರದ್ದೂ ಇದೇ ಆಗಿತ್ತು. ಅಂಗಡಿಯಲ್ಲಿ ಜೋಡಿಸಿ ಕೊಟ್ಟ ಡೆಸ್ಕ್‌ಟಾಪುಗಳಲ್ಲಿ ಇದು ತುಂಬಾ ಸಾಮಾನ್ಯ.

ಬಯೋಸಿಗೆ ಕೈ ಹಾಕುವ ಮೊದಲು ಒಂದು ಮಾತು. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ, ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲೂ ಅದು ಸಿಗುತ್ತದೆ. ಟಿಪಿಎಂ ಅಥವಾ ಬೂಟ್ ಸೆಟ್ಟಿಂಗ್ ಬದಲಿಸಿದರೆ ನೀಲಿ ಪರದೆ ಬಂದು ಆ ಕೀ ಕೇಳಬಹುದು. ಆಗ ಅದು ಕೈಯಲ್ಲಿ ಇಲ್ಲದಿದ್ದರೆ ಫೋಟೋ, ಫೈಲು ಎಲ್ಲ ಹೋಯಿತು ಅಂತಲೇ ಲೆಕ್ಕ.

ಈಗ ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಮೊದಲ ಚಿಹ್ನೆ ಕಾಣುವಾಗಲೇ ಕೀ ಒತ್ತುತ್ತಾ ಇರಿ. ಡೆಲ್, ಏಸರ್, ಆಸುಸ್ ಲ್ಯಾಪ್‌ಟಾಪುಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಜೋಡಿಸಿದ ಡೆಸ್ಕ್‌ಟಾಪಿನಲ್ಲಿ ಹೆಚ್ಚಾಗಿ ಡಿಲೀಟ್. ಒಳಗೆ ಸೆಕ್ಯುರಿಟಿ ಅಥವಾ ಅಡ್ವಾನ್ಸ್ಡ್ ಅನ್ನುವ ಪುಟದಲ್ಲಿ ಪಿಟಿಟಿ, ಎಫ್‌ಟಿಪಿಎಂ, ಟ್ರಸ್ಟೆಡ್ ಕಂಪ್ಯೂಟಿಂಗ್, ಸೆಕ್ಯುರಿಟಿ ಡಿವೈಸ್, ಹೀಗೆ ಒಂದೊಂದು ಕಂಪೆನಿಯವರು ಒಂದೊಂದು ಹೆಸರಿಟ್ಟಿರುತ್ತಾರೆ. ಎನೇಬಲ್ ಮಾಡಿ, ಎಫ್10 ಒತ್ತಿ ಉಳಿಸಿ ಹೊರಗೆ ಬನ್ನಿ. ಕ್ಲಿಯರ್ ಟಿಪಿಎಂ ಅಂತ ಒಂದು ಆಯ್ಕೆ ಅಲ್ಲೇ ಪಕ್ಕದಲ್ಲಿ ಕೂತಿರುತ್ತದೆ. ಅದನ್ನು ಮುಟ್ಟಬೇಡಿ. ಬೇರೆ ಏನನ್ನಾದರೂ ಬದಲಿಸುವ ಮೊದಲು ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ, ಹಿಂದೆ ಬರಲು ದಾರಿ ಬೇಕಲ್ವಾ.

ಸೆಕ್ಯೂರ್ ಬೂಟ್ ಮತ್ತು ಆ ಮೂರು ಡ್ರೈವುಗಳ ಕತೆ

ಕಾಗದದಲ್ಲಿ ಬಯೋಸ್ ಮೋಡ್ ಎದುರು ಯುಇಎಫ್‌ಐ ಅಂತ ಬರೆದಿದ್ದೀರಾದರೆ ಈ ಭಾಗ ನಿಮಗಲ್ಲ. ಸೆಕ್ಯೂರ್ ಬೂಟ್ ಆಫ್ ಇದ್ದರೂ ತೊಂದರೆಯಿಲ್ಲ, ಆ ಸೌಲಭ್ಯ ಇರಬೇಕು ಅನ್ನುವುದಷ್ಟೇ ನಿಯಮ. ಆನ್ ಮಾಡಿಟ್ಟರೆ ಒಳ್ಳೆಯದು.

ಲೆಗಸಿ ಅಂತ ಇದ್ದರೆ ನಿಮ್ಮ ಡಿಸ್ಕು ಎಂಬಿಆರ್ ಅನ್ನುವ ಹಳೆ ಪದ್ಧತಿಯಲ್ಲಿದೆ. ಬಯೋಸಿಗೆ ಹೋಗಿ ಸುಮ್ನೆ ಯುಇಎಫ್‌ಐ ಮಾಡಿಬಿಟ್ಟರೆ ವಿಂಡೋಸ್ ಎದ್ದೇಳುವುದಿಲ್ಲ. ಹೆದರಬೇಡಿ, ವಾಪಸು ಲೆಗಸಿ ಮಾಡಿದರೆ ಏಳುತ್ತದೆ. ಸರಿಯಾದ ಕ್ರಮ ಬೇರೆ. ಮೊದಲು ಡಿಸ್ಕನ್ನು ಜಿಪಿಟಿ ಪದ್ಧತಿಗೆ ತರಬೇಕು, ಅದಕ್ಕೆ ವಿಂಡೋಸ್ 10ರಲ್ಲೇ ಒಂದು ಸಾಧನ ಉಂಟು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಂ-ಬಿ-ಆರ್-2-ಜಿ-ಪಿ-ಟಿ, ಜಾಗ ಬಿಟ್ಟು ಓರೆಗೆರೆ ಹಾಕಿ ವ್ಯಾಲಿಡೇಟ್, ಮತ್ತೆ ಜಾಗ ಬಿಟ್ಟು ಓರೆಗೆರೆ ಹಾಕಿ ಅಲೌ-ಫುಲ್-ಓಎಸ್ ಅನ್ನುವುದನ್ನು ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಹೊಡೆಯಿರಿ. ಇದು ಪರೀಕ್ಷೆ ಮಾತ್ರ, ಏನನ್ನೂ ಬದಲಿಸುವುದಿಲ್ಲ. ಪಾಸಾದರೆ ವ್ಯಾಲಿಡೇಟ್ ಇದ್ದ ಕಡೆ ಕನ್ವರ್ಟ್ ಅಂತ ಬರೆದು ಇನ್ನೊಮ್ಮೆ ಹೊಡೆಯಿರಿ. ಆಮೇಲೆ ಬಯೋಸಿಗೆ ಹೋಗಿ ಲೆಗಸಿ ತೆಗೆದು ಯುಇಎಫ್‌ಐ ಮಾಡಿ. ಫೈಲುಗಳು ಇದ್ದಲ್ಲೇ ಇರುತ್ತವೆ. ಆದರೂ ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ನಮಸ್ಕಾರ.

ಪರೀಕ್ಷೆಯಲ್ಲಿ ಫೇಲಾಗುವುದು ಎಲ್ಲಿ ಗೊತ್ತುಂಟಾ? ಹಿಂದೆ ಅಂಗಡಿಯವರು ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಪಾಲು ಮಾಡಿ ಕೊಡುತ್ತಿದ್ದರು. ಕೂಡುಕುಟುಂಬದ ಆಸ್ತಿಯ ಹಾಗೆ. ಅದರಲ್ಲಿ ಡಿ, ಇ ಎರಡೂ ಎಕ್ಸ್‌ಟೆಂಡೆಡ್ ಅನ್ನುವ ಒಂದು ಪಾಲಿನೊಳಗೆ ಕೂತಿರುತ್ತವೆ. ಈ ಸಾಧನಕ್ಕೆ ಅದು ಆಗಿಬರುವುದಿಲ್ಲ. ಗರಿಷ್ಠ ಮೂರು ಪ್ರೈಮರಿ ಪಾಲು ಇರಬಹುದು, ಎಕ್ಸ್‌ಟೆಂಡೆಡ್ ಇರಲೇಬಾರದು. ಹಾಗಿದ್ದರೆ ಡಿ, ಇ ಡ್ರೈವಿನದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಪಾಲುಗಳನ್ನು ಅಳಿಸಿ, ಆಮೇಲೆ ಪ್ರಯತ್ನಿಸಿ. ನನ್ನ ಮಟ್ಟಿಗೆ ಹೇಳುವುದಾದರೆ, ಅಷ್ಟು ದೂರ ಹೋದ ಮೇಲೆ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕು, ತಂದು ಅದರಲ್ಲಿ ಹೊಸದಾಗಿಯೇ ವಿಂಡೋಸ್ ಹಾಕುವುದು ಲೇಸು.

ರ‍್ಯಾಮ್, ಎಸ್‌ಎಸ್‌ಡಿ

ನಿಯಮದ ಪುಸ್ತಕದಲ್ಲಿ 4 ಜಿಬಿ ಸಾಕು. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದು ನೋಡಿ, ಗೊತ್ತಾಗುತ್ತದೆ. 8 ಜಿಬಿ ಇಟ್ಟುಕೊಳ್ಳಿ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ಉಂಟು, ಎಷ್ಟು ತುಂಬಿದೆ, ವೇಗ ಎಷ್ಟು ಅಂತ ಬರುತ್ತದೆ. ವೇಗ 1600 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡಿಡಿಆರ್3 ಅಂದುಕೊಳ್ಳಿ, 2133, 2400, 2666 ಇದ್ದರೆ ಡಿಡಿಆರ್4. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪಿನ ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260. ತೀರಾ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಏನೂ ಮಾಡುವ ಹಾಗಿಲ್ಲ. 2025ರ ಕೊನೆಯಿಂದ ರ‍್ಯಾಮಿನ ಬೆಲೆ ಏರಿದೆ, ಎಐ ಕೇಂದ್ರಗಳು ಎಲ್ಲವನ್ನೂ ನುಂಗುತ್ತಿವೆ. ಹಾಗಾಗಿ ಮನೆಯ ಹಾಳಾದ ಲ್ಯಾಪ್‌ಟಾಪಿನೊಳಗೆ ಒಂದು ಕಡ್ಡಿ ಇದೆಯಾ ಅಂತ ಮೊದಲು ನೋಡಿ. ನನಗೆ ಅಟ್ಟದಲ್ಲಿ ಸಿಕ್ಕಿತು. ಅದರ ಜೊತೆ ಒಂದು ಹಲ್ಲಿಯ ಸಂಸಾರವೂ ಸಿಕ್ಕಿತು.

ಡಿಸ್ಕಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ 11 ಹಾಕಬೇಡಿ. ಹಾಕಲು ಬರುತ್ತದೆ, ಕಂಪ್ಯೂಟರ್ ತಡೆಯುವುದೂ ಇಲ್ಲ. ಆದರೆ ಬಟನ್ ಒತ್ತಿ ದನಕ್ಕೆ ಹುಲ್ಲು ಹಾಕಿ ಬಂದರೂ ಅದು ಇನ್ನೂ ಸುತ್ತುತ್ತಾ ಇರುತ್ತದೆ. 256 ಜಿಬಿಯ ಒಂದು ಎಸ್‌ಎಸ್‌ಡಿ ಮನೆ ಕೆಲಸಕ್ಕೆ ಧಾರಾಳ. ಹಳೆ ಲ್ಯಾಪ್‌ಟಾಪಿಗೆ 2.5 ಇಂಚಿನ ಸಾಟಾ ಮಾದರಿ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ಎಂ.2 ಸ್ಲಾಟ್ ಇದ್ದರೆ ಅದು ಸಾಟಾ ಜಾತಿಯದ್ದೋ ಎನ್‌ವಿಎಂಇ ಜಾತಿಯದ್ದೋ ಅಂತ ಮಾಡೆಲ್ ಸಂಖ್ಯೆ ಹಾಕಿ ನೋಡಿಕೊಳ್ಳಿ. ಎರಡೂ ನೋಡಲು ಚ್ಯೂಯಿಂಗ್ ಗಮ್ಮಿನ ಪಟ್ಟಿಯ ಹಾಗೇ ಇರುತ್ತವೆ, ಕೂರಿಸಿದ ಮೇಲೆ ಕಾಣಿಸದೆ ಇದ್ದಾಗ ಮಾತ್ರ ವ್ಯತ್ಯಾಸ ಗೊತ್ತಾಗುವುದು.

ಕನ್ನಡದ ಫೈಲು, ಹಳೆ ಪ್ರಿಂಟರು

ಇದನ್ನು ಹೊರಗಿನ ಯಾವ ಪಟ್ಟಿಯೂ ಹೇಳುವುದಿಲ್ಲ. ನುಡಿ, ಬರಹದ ಹಳೆ ಫಾಂಟುಗಳಲ್ಲಿ ಟೈಪ್ ಮಾಡಿದ ಆಮಂತ್ರಣ, ಯಕ್ಷಗಾನದ ಪ್ರಸಂಗ, ದೇವಸ್ಥಾನದ ಲೆಕ್ಕ ನಮ್ಮಲ್ಲಿ ರಾಶಿ ರಾಶಿ ಉಂಟು. ಅವು ಯೂನಿಕೋಡ್ ಅಲ್ಲ. ಇದ್ದ ಹಾಗೆಯೇ ಅಪ್‌ಗ್ರೇಡ್ ಮಾಡಿದರೆ ಫಾಂಟುಗಳು ಉಳಿಯುತ್ತವೆ. ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಫಾಂಟು ಹೋಗಿ, ಫೈಲು ತೆರೆದಾಗ ಇಂಗ್ಲಿಷ್ ಅಕ್ಷರದ ಕಸ ಮಾತ್ರ ಕಾಣುತ್ತದೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ಅವನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಡಿ. ತುಂಗಾ ಫಾಂಟಿನ ಫೈಲುಗಳಿದ್ದರೆ, ಆಪ್ಶನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅನ್ನುವುದನ್ನು ಸೇರಿಸಿದರೆ ತುಂಗಾ ಬರುತ್ತದೆ. ಹೊಸ ವಿಂಡೋಸಿನಲ್ಲಿ ಕನ್ನಡಕ್ಕೆ ಸಿಗುವುದು ನಿರ್ಮಲಾ.

ಪ್ರಿಂಟರಿನ ಮಾಡೆಲ್ ಸಂಖ್ಯೆಯನ್ನೂ ಅದೇ ಕಾಗದದಲ್ಲಿ ಬರೆದು, ಅದಕ್ಕೆ 64 ಬಿಟ್‌ನ ಡ್ರೈವರ್ ಸಿಗುತ್ತದಾ ಅಂತ ಈಗಲೇ ನೋಡಿ. ಅಪ್‌ಗ್ರೇಡ್ ಆದ ಮರುದಿನ ಬೆಳಿಗ್ಗೆ ಅರ್ಜಿ ಪ್ರಿಂಟ್ ಮಾಡಬೇಕಾಗಿ ಬಂದಾಗ ನೋಡಿದರೆ ರಕ್ತದೊತ್ತಡ ಏರುತ್ತದೆ.

ಹಾಕುವ ದಿನ

ಎಲ್ಲ ಪಾಸಾಯಿತಾ? ಹಾಗಾದರೆ ದಿನ ನೋಡಿ. ಇದು ಮುಹೂರ್ತದ ಮಾತಲ್ಲ, ಕರೆಂಟಿನ ಮಾತು. ಆಟಿಯ ಮಳೆಗೆ ಕೊಂಬೆ ಬಿದ್ದು ಲೈನು ಹೋದರೆ ಯಾವಾಗ ಬರುತ್ತದೆ ಹೇಳಲಾಗದು. ತುಲಾ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಶುರು. ಹಾಗಾಗಿ ಬೆಳಿಗ್ಗೆಯೇ ಕೂತುಕೊಳ್ಳಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಎರಡಕ್ಕೂ ನಡುವೆ ಕರೆಂಟು ಹೋದರೆ ಅಪಾಯವೇ. ಬಯೋಸ್ ಅಪ್ಡೇಟ್ ಮಾಡುವಾಗಲಂತೂ ಯುಪಿಎಸ್ ಇಲ್ಲದೆ ಮಾಡಲೇಬೇಡಿ, ನಡುವೆ ನಿಂತರೆ ಬೋರ್ಡೇ ಹೋಗಬಹುದು.

ಡೌನ್‌ಲೋಡ್ 5 ಜಿಬಿಗಿಂತ ಜಾಸ್ತಿ. ಮೊಬೈಲಿನ ದಿನದ ಲೆಕ್ಕದ ಡೇಟಾದಲ್ಲಿ ಇದು ಮುಗಿಯುವುದಿಲ್ಲ. ಫೈಬರ್ ಇರುವ ಮನೆಗೆ 8 ಜಿಬಿಯ ಪೆನ್‌ಡ್ರೈವ್ ಹಿಡಿದುಕೊಂಡು ಹೋಗಿ, ಮೈಕ್ರೋಸಾಫ್ಟಿನ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಬೇರೆ ಎಲ್ಲಿಂದಲೂ ಬೇಡ. ವಿಂಡೋಸ್ 10 ಅಸಲಿಯಾಗಿದ್ದರೆ 11ಕ್ಕೆ ದುಡ್ಡಿಲ್ಲ. ಸಿ ಡ್ರೈವಿನಲ್ಲಿ ಒಂದು 30 ಜಿಬಿ ಖಾಲಿ ಇರಲಿ. ಹಾಕಿದ ಮೇಲೆ ಮನಸ್ಸಿಗೆ ಬರಲಿಲ್ಲ ಅಂದರೆ 10 ದಿನದೊಳಗೆ ರಿಕವರಿ ಪುಟದಿಂದ ವಾಪಸು ಹೋಗಬಹುದು, ಆದರೆ ಅಷ್ಟರೊಳಗೆ ಡಿಸ್ಕ್ ಕ್ಲೀನಪ್ ಮಾಡಿ ಹಳೆ ವಿಂಡೋಸಿನ ಫೋಲ್ಡರ್ ಅಳಿಸಿಬಿಡಬೇಡಿ.

ಪ್ರೊಸೆಸರೇ ಆಗದಿದ್ದರೆ

ವಿಂಡೋಸನ್ನು ಪೆನ್‌ಡ್ರೈವಿಗೆ ಬರೆಯುವ ರುಫಸ್ ಥರದ ಸಾಧನದಲ್ಲಿ ಈ ತಪಾಸಣೆಗಳನ್ನೆಲ್ಲ ತೆಗೆದು ವಿಂಡೋಸ್ 11 ಹಾಕಬಹುದು. ಹಾಕಿಕೊಂಡವರು ತುಂಬಾ ಜನ ಇದ್ದಾರೆ, ಓಡುತ್ತದೆ. ಆದರೆ ಮೈಕ್ರೋಸಾಫ್ಟ್ ಅದನ್ನು ಒಪ್ಪುವುದಿಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಕೈಯಿಂದ ಇದೇ ಸರ್ಕಸ್ಸು. ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಿ ಆ ಉಪಾಯವೂ ಇಲ್ಲ. 24ಎಚ್2 ಆವೃತ್ತಿಯಿಂದ ಅದು ಕೇಳುವ ಕೆಲವು ಆಜ್ಞೆಗಳು ಆ ಪ್ರೊಸೆಸರುಗಳಿಗೆ ಗೊತ್ತೇ ಇಲ್ಲ, ಹಾಗಾಗಿ ಬೂಟೇ ಆಗುವುದಿಲ್ಲ. ಆಟಕ್ಕೆ ಇಟ್ಟುಕೊಂಡ ಕಂಪ್ಯೂಟರಾದರೆ ಮಾಡಿ ನೋಡಿ. ಸೊಸೈಟಿಯ ಲೆಕ್ಕ ಬರೆಯುವ ಕಂಪ್ಯೂಟರಿಗೆ ನಾನು ಬೇಡ ಅನ್ನುತ್ತೇನೆ.

ನಾನು ಮಾಡಿದ್ದು ಬೇರೆ. ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಯಾವುದರಲ್ಲಿ? ವಿಂಡೋಸಿನ ಬದಲು ಹಾಕುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸಿನಲ್ಲಿ. ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಕೇರಳದ ಕೈಟ್ ಸಂಸ್ಥೆ ಅದನ್ನು ಉಬುಂಟು ಅನ್ನುವ ಲಿನಕ್ಸಿನಿಂದ ತಯಾರಿಸಿದೆ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಲಿಬ್ರೆ ಆಫೀಸ್ ತೆರೆದು ಬರೆಯುತ್ತಾರೆ. ದೊಡ್ಡವರಿಗೆ ಲಿನಕ್ಸ್ ಅಂದರೆ ಹೆದರಿಕೆ, ಮಕ್ಕಳಿಗೆ ಅದು ಸ್ಲೇಟು ಬಳಪದಷ್ಟು ಮಾಮೂಲಿ. ನನ್ನ ಆ ಏಳನೇ ತಲೆಮಾರಿನ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿದೆ. ಅದು ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ. ಆರಾಮವಾಗಿ ಓಡಬೇಕಾದರೆ 4 ಜಿಬಿ, 100 ಜಿಬಿ. ಟಿಪಿಎಂ ಕೇಳುವುದಿಲ್ಲ. ಐಬಸ್ ಅನ್ನುವ ಟೈಪಿಂಗ್ ಸಾಧನದಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸ ಸೇರಿಸಿದರೆ ನುಡಿಯಲ್ಲಿ ಕೈ ಪಳಗಿದವರಿಗೆ ಬೆರಳು ತಡವರಿಸುವುದಿಲ್ಲ. ಡಿಸ್ಕಿಗೆ ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಒಂದು ದಿನ ಓಡಿಸಿ ವೈಫೈ, ಪ್ರಿಂಟರು, ಸೌಂಡು ಎಲ್ಲ ಸರಿ ಉಂಟಾ ನೋಡಬಹುದು. ಡಿಜಿಟಲ್ ಸಹಿಯ ಟೋಕನ್, ಟ್ಯಾಲಿ ಬೇಕಾದವರಿಗೆ ಮಾತ್ರ ಇದು ಒಗ್ಗುವುದಿಲ್ಲ, ಅವರು ವಿಂಡೋಸಿಗೇ ಅಂಟಿಕೊಳ್ಳಲಿ.

ಅಂಥವರಿಗೆ ಹೊಸದು ತೆಗೆಯುವಷ್ಟು ದುಡ್ಡಿಲ್ಲದಿದ್ದರೆ ಕಂಪೆನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಮಂಗಳೂರಿನಲ್ಲೂ ಸಿಗುತ್ತವೆ. ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು. ದುಡ್ಡು ಎಣಿಸುವ ಮೊದಲು ಅಂಗಡಿಯಲ್ಲೇ ಮೇಲೆ ಹೇಳಿದ ಎರಡು ಪರೀಕ್ಷೆ, ಯಂತ್ರದ ಜಾತಕ ಮತ್ತು ಟಿಪಿಎಂ, ಮಾಡಿ ನೋಡಿ. ಚಾರ್ಜರ್ ಕಿತ್ತು ಹತ್ತು ನಿಮಿಷ ಬ್ಯಾಟರಿಯಲ್ಲೇ ಓಡಿಸಿ. ಕೊನೆಗೆ ಅದನ್ನು ಆರಿಸಿ, ಮತ್ತೆ ಆನ್ ಮಾಡಿ ಬಯೋಸಿಗೆ ಹೋಗಿ. ಅಲ್ಲಿ ಪಾಸ್‌ವರ್ಡ್ ಕೇಳಿ, ಅಂಗಡಿಯವರಿಗೂ ಅದು ಗೊತ್ತಿಲ್ಲ ಅಂತಾದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅಂದು ಎದ್ದು ಬನ್ನಿ.